ಮಸೂರಿಗೆ ಹೋದ ರೈಲು

ರೈಲಾಟ ಅಂದರೆ ನಮ್ಮ ಕೇರಿಯ ಮಕ್ಕಳಿಗೆ ಗೊತ್ತಿರೋದು ಒಂದೇ. ಮುಂದಿನವನ ಅಂಗಿ ಹಿಡಿದುಕೊಂಡು ಸಾಲಾಗಿ ಕೂಗುತ್ತಾ ಓಡೋದು. ಮುಂದಿರೋನು ಇಂಜಿನ್ನು, ಕೊನೆಯವನು ಗಾರ್ಡು, ನಡುವೆ ಇರೋರೆಲ್ಲ ಡಬ್ಬಿಗಳು. ಈಗ ಕಂಪ್ಯೂಟರಿನ ರೈಲಾಟಗಳು ಬಂದಿವೆ. 2001ರಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಇಂಥದ್ದೊಂದು ಆಟವನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಇಂಗ್ಲೆಂಡಿನ ದಾರಿ ಇತ್ತು, ಆಸ್ಟ್ರಿಯಾದ ದಾರಿ ಇತ್ತು, ಅಮೆರಿಕ ಜಪಾನುಗಳ ದಾರಿಗಳಿದ್ದವು. ನಮ್ಮ ದೇಶದ್ದು ಇರಲಿಲ್ಲ. ಆಮೇಲೆ ನಮ್ಮ ಹುಡುಗರೇ ಕೂತು ನಮ್ಮ ಇಂಜಿನ್ನು, ನಮ್ಮ ಡಬ್ಬಿ, ನಮ್ಮ ಸ್ಟೇಷನ್ನುಗಳನ್ನು ಗೆರೆ ಗೆರೆಯಾಗಿ ಬಿಡಿಸಿ ಅದಕ್ಕೆ ಸೇರಿಸಿದರು. ಮುಂದೆ ಯಾವ ಇಂಜಿನ್ನು, ಅದರ ಹಿಂದೆ ಯಾವ ಡಬ್ಬಿ, ಯಾವುದರ ಬೆನ್ನಿಗೆ ಯಾವುದು ಅನ್ನೋ ಪಟ್ಟಿಗೆ ಆ ಆಟದ ಭಾಷೆಯಲ್ಲಿ 'ಕನ್ಸಿಸ್ಟ್' ಅನ್ನುತ್ತಾರೆ. ನಾವು ಜೋಡಣೆ ಅನ್ನೋಣ.

ಇಂಥ ಆಟವೊಂದಕ್ಕೆ ಹಳೇ ಮೀಟರ್ ಗೇಜ್ ದಾರಿಯನ್ನು ಕಟ್ಟುತ್ತಿರುವ ಗೆಳೆಯರು ನಮ್ಮನ್ನು ಕೇಳಿದ್ದು ಇಷ್ಟೆ: 'ಚರಿತ್ರೆಗೆ ಸರಿಯಾದ ಜೋಡಣೆ ಯಾವುದು, ಹುಡುಕಿ ಕೊಡಿ.' ಹೊಟ್ಟೆಗೆ ಹಿಟ್ಟಿಲ್ಲದವರ ಬಗ್ಗೆ ಬರೆಯೋ ಈ ಪುಟಗಳಲ್ಲಿ ಆಟದ ರೈಲಿಗೇನು ಕೆಲಸ ಅಂತ ಕೆಲವರು ಮೂಗು ಮುರಿಯಬಹುದು. ಮೇಷ್ಟ್ರುಗಳಾದ ಓದುಗರು ಹಾಗೆ ಅನ್ನಲಾರರು. ಇವತ್ತಿನ ಮಕ್ಕಳು ಪಾಠದ ಪುಸ್ತಕದಿಂದ ಎಷ್ಟು ಚರಿತ್ರೆ ಕಲಿಯುತ್ತಾರೋ ಅದಕ್ಕಿಂತ ಹೆಚ್ಚು ಆಟದಿಂದ ಕಲಿಯುತ್ತಾರೆ. ಆಟದೊಳಗೆ ಯಾರಿಗೆ ಸೀಟಿದೆ, ಯಾರಿಗಿಲ್ಲ ಅನ್ನೋದು ಅವರ ತಲೆಯೊಳಗೆ ಹೊಕ್ಕು ಕೂರುತ್ತದೆ. ಅದಕ್ಕೇ ನಾವು ಹುಡುಕಲು ಹೊರಟೆವು.

ಇಂಜಿನ್ನಿಗೆ ಡಬ್ಬಿ ಜೋಡಿಸೋದು ನಮ್ಮೂರಿನ ಮದುವೆ ದಲ್ಲಾಳಿಯ ಕೆಲಸಕ್ಕಿಂತ ಕಟ್ಟುನಿಟ್ಟು. ಕುಲಗೋತ್ರ ಎಲ್ಲಾ ಕೇಳಬೇಕು. ಮೊದಲು ಗೇಜು, ಅಂದರೆ ಎರಡು ಕಂಬಿಗಳ ನಡುವಿನ ಅಂತರ. ಬ್ರಾಡ್ ಗೇಜಿಗೆ ಐದೂವರೆ ಅಡಿ, ಮೀಟರ್ ಗೇಜಿಗೆ ಹೆಸರೇ ಹೇಳೋ ಹಾಗೆ ಒಂದು ಮೀಟರು. ಇದರದ್ದು ಅದರ ಮೇಲೆ ನಿಲ್ಲೋದಿಲ್ಲ. ಆಮೇಲೆ ಕೊಂಡಿ. ಹಳೇ ಬ್ರಾಡ್ ಗೇಜ್ ಡಬ್ಬಿಗೆ ಎಡಕ್ಕೊಂದು ಬಲಕ್ಕೊಂದು ಬಫರು, ನಡುವೆ ತಿರುಚಿ ಬಿಗಿಯೋ ಕೊಂಡಿ. ಮೀಟರ್ ಗೇಜಿಗೆ ನಡುವೆ ಒಂದೇ ಬಫರು, ಅದರಲ್ಲೇ ಕೊಕ್ಕೆ. ಆಮೇಲೆ ಬ್ರೇಕು. ಗಾಳಿಯನ್ನು ಹೀರಿ ಹಿಡಿಯೋ ವ್ಯಾಕ್ಯೂಮ್ ಬ್ರೇಕಿನ ಇಂಜಿನ್ನಿಗೆ, ಗಾಳಿಯನ್ನು ಒತ್ತಿ ಹಿಡಿಯೋ ಏರ್ ಬ್ರೇಕಿನ ಡಬ್ಬಿ ಹೊಂದೋದಿಲ್ಲ. ಆಮೇಲೆ ಕಂಪನಿ, ವರ್ಷ, ಬಣ್ಣ. ಬಣ್ಣದಲ್ಲೇ ಬಹಳ ಜನ ಜಾರಿ ಬೀಳುತ್ತಾರೆ. ಈಗಿನವರ ಕಣ್ಣಲ್ಲಿ ಉಳಿದಿರುವ ನೀಲಿ ಡಬ್ಬಿ ಸಾಮಾನ್ಯವಾದದ್ದು 1990ರ ದಶಕದಿಂದೀಚೆಗೆ. ಅದನ್ನು ತಂದು ಉಗಿ ಇಂಜಿನ್ನಿನ ಹಿಂದೆ ಸಾಲಾಗಿ ಕಟ್ಟಿಬಿಟ್ಟರೆ ಅಜ್ಜನ ಫೋಟೋಕ್ಕೆ ಜೀನ್ಸ್ ಪ್ಯಾಂಟು ತೊಡಿಸಿದ ಹಾಗೆ. ಇನ್ನೊಂದು ಮೋಸ ಇದೆ. ಇಂಜಿನ್ ಕಾರ್ಖಾನೆಯವರು ಹೊಸ ಇಂಜಿನ್ನಿಗೆ ಬೂದು ಬಣ್ಣ ಬಳಿದು ಫೋಟೋ ತೆಗೆಸುತ್ತಿದ್ದರು, ಗೆರೆಗಳು ಚೆನ್ನಾಗಿ ಮೂಡಲಿ ಅಂತ. ಫೋಟೋ ನೋಡಿ ಇಂಜಿನ್ನು ಬೂದು ಬಣ್ಣದ್ದೇ ಇತ್ತು ಅಂದುಕೊಂಡರೆ ಮುಗೀತು.

ಹುಡುಕುತ್ತಾ ಹೋದಂತೆ ನಮಗೆ ಕಂಡದ್ದು ಇದು. ಇಂಜಿನ್ನಿನ ಚರಿತ್ರೆ ಬೇಕಾದಷ್ಟು ಇದೆ. ಯಾವ ಕಾರ್ಖಾನೆ, ಯಾವ ವರ್ಷ, ಎಷ್ಟನೇ ನಂಬರು, ಚಕ್ರದ ಅಳತೆ ಎಷ್ಟು, ಎಲ್ಲ ಇದೆ. ಹ್ಯೂ ಹ್ಯೂಸ್ ಅನ್ನೋರು ಇಂಡಿಯಾದ ಇಂಜಿನ್ನುಗಳ ಪಟ್ಟಿಯನ್ನೇ ನಾಲ್ಕು ಭಾಗಗಳಲ್ಲಿ ತಂದಿದ್ದಾರೆ. ಒಂದು ಭಾಗ ಪೂರ್ತಿ ಮೀಟರ್ ಗೇಜಿಗೇ. ರಾಜರ, ಲಾಟಸಾಹೇಬರ ಸಲೂನುಗಳ ಚರಿತ್ರೆಯೂ ಇದೆ. ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ, 1979ರಲ್ಲಿ ತೆರೆದದ್ದು. ಅಲ್ಲಿ 1899ರ ಮಹಾರಾಣಿ ಸಲೂನು ನಿಂತಿದೆ, ಅಡುಗೆಮನೆ ಪಾಯಿಖಾನೆ ಸಮೇತ. ಮೂರನೇ ದರ್ಜೆಯ ಡಬ್ಬಿಯ ಚರಿತ್ರೆ ಕೇಳಿದಾಗ ಮಾತ್ರ ಪುಟಗಳು ತೆಳುವಾಗುತ್ತಾ ಹೋಗುತ್ತವೆ. ಆ ಕಾಲದ ಪ್ರಯಾಣಿಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಕೂತದ್ದು ಅದರಲ್ಲೇ. ಪ್ರಯಾಣಿಕರಿಂದ ಕಂಪನಿಗೆ ಬರುತ್ತಿದ್ದ ಹಣದ ಬಹುಪಾಲು ಹುಟ್ಟುತ್ತಿದ್ದದ್ದೂ ಅದರಲ್ಲೇ. ದುಡ್ಡು ಕೊಟ್ಟವರಿಗೆ ಚರಿತ್ರೆ ಇಲ್ಲ, ಎಳೆದ ಕಬ್ಬಿಣಕ್ಕೆ ಇದೆ!

1853ರ ಏಪ್ರಿಲ್ 16ರ ಮೊದಲ ರೈಲನ್ನೇ ನೋಡಿ. ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ. 14 ಡಬ್ಬಿ, 400 ಮಂದಿ ಅತಿಥಿಗಳು, 21 ತೋಪು. ಎಳೆದ ಮೂರು ಇಂಜಿನ್ನುಗಳ ಹೆಸರು ಕ್ವಿಜ್ ಪುಸ್ತಕದಲ್ಲೆಲ್ಲ ಇದೆ: ಸಾಹಿಬ್, ಸಿಂಧ್, ಸುಲ್ತಾನ್. ಆ ದಾರಿಗೆ ಮಣ್ಣು ಹೊತ್ತವರ ಒಂದು ಹೆಸರಾದರೂ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಇಂಡಿಯಾದ ರೈಲಿನ ಬಗ್ಗೆ ಬರೆದ. ರೈಲು ಬಂದ ಮೇಲೆ ಆಧುನಿಕ ಉದ್ಯಮ ಬರುತ್ತದೆ. ಹುಟ್ಟಿನಿಂದ ಕಸುಬು ಹಂಚಿದ ಪದ್ಧತಿ, ಅಂದರೆ ಜಾತಿಯ ಬುನಾದಿ, ಅದರಿಂದ ಕರಗಿ ಹೋಗುತ್ತದೆ ಅನ್ನೋದು ಅವನ ನಿರೀಕ್ಷೆ. ನಮ್ಮ ಗೆಳೆಯರಲ್ಲಿ ಅನೇಕರು ಈ ಮಾತನ್ನು ಭಾಷಣಗಳಲ್ಲಿ ಕೇಳಿದ್ದಾರೆ. ಇದನ್ನು ಒಂದು ದಾರಿಯಲ್ಲಿ, ಒಂದು ರೈಲಿನಲ್ಲಿ, ಒಂದು ಸಾಯಂಕಾಲದಲ್ಲಿ ಪರೀಕ್ಷೆ ಮಾಡಿ ನೋಡಬಹುದು ಅಂತ ನಮಗೆ ಹೊಳೆದದ್ದು ಈ ಆಟದ ನೆಪದಿಂದಲೇ.

ಆ ದಾರಿ ಪುಣೆಯಿಂದ ಸಾತಾರಾ, ಮೀರಜ್, ಬೆಳಗಾವಿ ಮೇಲೆ ಲೋಂಡಾಕ್ಕೆ ಬರೋ ಮೀಟರ್ ಗೇಜಿನ ದಾರಿ. ಕಟ್ಟಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಈ ಕಂಪನಿ ಹುಟ್ಟಿದ್ದು 1882ರಲ್ಲಿ, ಅದರ ಕಚೇರಿ ಇದ್ದದ್ದು ನಮ್ಮ ಧಾರವಾಡದಲ್ಲಿ. ಹುಟ್ಟಿಗೆ ಕಾರಣ ಬರಗಾಲ. 1876-78ರ ಮಹಾ ಬರದಲ್ಲಿ ದಖ್ಖನ್ನಿನ ಊರೂರುಗಳೇ ಖಾಲಿಯಾದ ಮೇಲೆ, ಬರದ ನಾಡಿಗೆ ಧಾನ್ಯ ಸಾಗಿಸಲು ಕಂಬಿ ಬೇಕು ಅಂತ ಸರ್ಕಾರಕ್ಕೆ ಅನ್ನಿಸಿತು. ಬೆಂಗಳೂರು-ಮೈಸೂರು ದಾರಿ ಕೂಡ ಇದೇ ಬರದ ಕೂಸು. 1881ರಲ್ಲಿ ಮದ್ದೂರಿನವರೆಗೆ, 1882ರಲ್ಲಿ ಮೈಸೂರಿನವರೆಗೆ ರೈಲು ಓಡಿತು. ಹೊಟ್ಟೆಗಿಲ್ಲದವರ ಕೈಗೆ ಗುದ್ದಲಿ ಕೊಟ್ಟು ಏರಿ ಹಾಕಿಸಿದರು. ಮಣ್ಣಿನ ಕೆಲಸಕ್ಕೆ ಒಡ್ಡರು ಅಂದರೆ ಆಗಿನ ಇಂಜಿನಿಯರುಗಳಿಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ 'ವಡ್ಡರ್' ಅಂತ ಬರೆದುಕೊಂಡು ಊರಿಂದೂರಿಗೆ ಕರೆದೊಯ್ದರು. ಕಂಬಿ ಹಾಸಿದ ಮೇಲೆ ಅವರು ಮುಂದಿನ ಊರಿಗೆ ಹೋದರು. ರೈಲಿನಲ್ಲಲ್ಲ, ಕತ್ತೆಗಳನ್ನು ಹೊಡೆದುಕೊಂಡು.

ಪುಣೆಯಿಂದ ಲೋಂಡಾದವರೆಗೆ ದಾರಿ ಪೂರ್ತಿ ಕೂಡಿದ್ದು 1890ರಲ್ಲಿ. ನಾವು ಆರಿಸಿಕೊಂಡ ವರ್ಷ 1901. ಆರಿಸಿದ ತುಣುಕು ಸಾತಾರಾದಿಂದ ಮಸೂರಿಗೆ. ಇದು ನಮ್ಮ ಹಾವೇರಿ ಕಡೆಯ ಮಾಸೂರು ಅಲ್ಲ, ಸಾತಾರಾ ಜಿಲ್ಲೆಯದು. ಆ ಬೇಸಿಗೆಯಲ್ಲಿ ಹತ್ತು ವರ್ಷದ ಆಸುಪಾಸಿನ ಒಬ್ಬ ಹುಡುಗ ತನ್ನ ಅಣ್ಣನ ಜೊತೆ, ಅಕ್ಕನ ಕಡೆಯ ಹುಡುಗರ ಜೊತೆ ಆ ರೈಲು ಹತ್ತಿದ. ಅಪ್ಪ ಗೋರೆಗಾಂವಿನಲ್ಲಿ ಕ್ಯಾಶಿಯರ್. ಅಲ್ಲೂ ಬರ. ಬರದ ಜನಕ್ಕೆ ಕೂಲಿ ಕೊಡಲು ಸರ್ಕಾರ ಕೆರೆ ತೋಡಿಸುತ್ತಿತ್ತು, ಅದರ ಲೆಕ್ಕದ ಕೆಲಸ. ಹುಡುಗನ ಹೆಸರು ಭೀಮರಾವ್. ಈ ಪ್ರಯಾಣವನ್ನು ಮುಂದೆ ಅಂಬೇಡ್ಕರ್ ಅವರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕವಾಗಿ ಅದು ಅಚ್ಚಾದದ್ದು 1990ರಲ್ಲಿ, ಅವರು ತೀರಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಮಕ್ಕಳ ಸಂಭ್ರಮ ಅದರಲ್ಲಿ ಎದ್ದು ಕಾಣುತ್ತದೆ. ಹೊಸ ಅಂಗಿ, ಮಿಂಚೋ ಟೋಪಿ, ಹೊಸ ಮೆಟ್ಟು, ರೇಷ್ಮೆ ಅಂಚಿನ ಧೋತರ. ಖರ್ಚಿಗೆ ತಲೆಗೆ ಎರಡಾಣೆ. ಸ್ಟೇಷನ್ನಿಗೆ ಬಂದವರೇ ಒಂದೊಂದು ಬಾಟಲಿ ಲೆಮನೇಡು ಕುಡಿದರು. ಶಿಳ್ಳೆ ಹಾಕುತ್ತಾ ರೈಲು ಬಂತು, ಎಲ್ಲಿ ಬಿಟ್ಟು ಹೋಗುತ್ತದೋ ಅಂತ ಓಡಿ ಹತ್ತಿದರು.

ಈ ರೈಲನ್ನು ನಾವು ಕಟ್ಟಬೇಕು.

ಯಾವುದು ಇತ್ತು ಅನ್ನೋದಕ್ಕೆ ಮೊದಲು ಯಾವುದು ಇರಲಿಕ್ಕೆ ಸಾಧ್ಯವಿಲ್ಲ ಅನ್ನೋದನ್ನು ಕಳೆಯುತ್ತಾ ಬರಬೇಕು. ಸಿನಿಮಾದಲ್ಲಿ ಕಾಣೋ ಗುಂಡು ಮೂತಿಯ ಡಬ್ಲ್ಯು.ಪಿ. ಇಂಜಿನ್ನು ಬಂದದ್ದು 1947ರಲ್ಲಿ, ಅದೂ ಬ್ರಾಡ್ ಗೇಜಿಗೆ. ಅದು ಹೋಯಿತು. ನಮ್ಮ ಹಿರಿಯರು ಅರಸೀಕೆರೆ, ಬೀರೂರುಗಳಲ್ಲಿ ಹತ್ತಿಳಿದ ಗಾಡಿಗಳನ್ನು ಎಳೆದ ವೈ.ಪಿ. ಮೀಟರ್ ಗೇಜಿನದೇ, ಆದರೆ ಅದು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಮೊದಲು ಬಂದದ್ದು 1949ರ ಹೊತ್ತಿಗೆ. ಆಮೇಲೆ ಟಾಟಾದವರು ಜಮ್‌ಷೆಡ್‌ಪುರದಲ್ಲಿ ಮಾಡಿದರು. ಅದೂ ಹೋಯಿತು. ವೈ.ಬಿ., ವೈ.ಡಿ. ಅನ್ನೋ ಜಾತಿಯವು 1920ರ ದಶಕದವು. ಎಲ್ಲ ಕಂಪನಿಗೂ ಒಂದೇ ಮಾದರಿ ಇರಲಿ ಅಂತ ಬ್ರಿಟಿಷರು ನಕ್ಷೆ ಗೊತ್ತು ಮಾಡಿದ್ದೇ 1903ರಿಂದ. ಎಲ್ಲ ಕಳೆದ ಮೇಲೆ ಉಳಿಯೋದು ಸಣ್ಣ ಮೈಯ, ಗಿಡ್ಡ ಬಾಯ್ಲರಿನ ಇಂಜಿನ್ನು. ಆ ಕಾಲದ ಮೀಟರ್ ಗೇಜಿನಲ್ಲಿ ಊರೂರಿಗೆ ಬಳಕೆಯಲ್ಲಿದ್ದದ್ದು 'ಎಫ್' ವರ್ಗ. ಆರು ಚಕ್ರ, ಆರನ್ನೂ ಸರಳಿನಿಂದ ಜೋಡಿಸಿದ್ದು. ಗೂಡ್ಸಿಗೂ ಸೈ, ಪ್ಯಾಸೆಂಜರಿಗೂ ಸೈ. 1895ರಲ್ಲಿ ಅಜ್ಮೇರಿನ ಕಾರ್ಖಾನೆಯಲ್ಲಿ ಮಾಡಿದ, ಇಂಡಿಯಾದಲ್ಲೇ ತಯಾರಾದ ಮೊದಲ ಇಂಜಿನ್ನೂ ಇದೇ ವರ್ಗದ್ದು, ನಂಬರು 734. ದೆಹಲಿಯ ರೈಲು ಮ್ಯೂಸಿಯಮ್ಮಿನಲ್ಲಿ ಇದೆ. ಗೆಳೆಯರಿಗೆ ಎಫ್ ಮಾದರಿಯನ್ನೇ ಬಿಡಿಸಿ ಅಂದೆವು.

ಇಂಜಿನ್ನಿನ ಮೇಲೆ ಯಾರು? ಅದನ್ನೂ ಬಿಡಿಸಬೇಕಲ್ಲ. ಆ ಕಾಲದಲ್ಲಿ ದೊಡ್ಡ ಗಾಡಿಗಳ ಡ್ರೈವರಿಕೆ ಬಹುಪಾಲು ಐರೋಪ್ಯರ, ಆಂಗ್ಲೋ-ಇಂಡಿಯನ್ನರ ಕೈಯಲ್ಲಿ. ಬೆಂಕಿಯ ಬಾಯಿಗೆ ಸೌದೆ ಕಲ್ಲಿದ್ದಲು ಎಸೆಯೋ ಕೈ ಕಪ್ಪು ಕೈ. ಆಟಗಳಲ್ಲಿ ಫೈರ್‌ಮನ್ ಅಂದರೆ ಒಂದು ಗುಂಡಿ. ಒತ್ತಿದರೆ ತಾನೇ ಬೆಂಕಿ ಏರುತ್ತದೆ.

ಇನ್ನು ಡಬ್ಬಿ. ನಾಲ್ಕು ಚಕ್ರದ ಮರದ ಡಬ್ಬಿಗಳು ಆ ಕಾಲದ ಮೀಟರ್ ಗೇಜಿಗೆ ಸರಿ. ಅಡ್ಡಡ್ಡ ಕೋಣೆಗಳು, ಪ್ರತಿ ಕೋಣೆಗೂ ಪಕ್ಕದಲ್ಲಿ ಬಾಗಿಲು, ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಕೂರಲು ಬರೀ ಹಲಗೆ. ಬಾಗಿಲು ಹಾಕಿದರೆ ಮುಂದಿನ ಸ್ಟೇಷನ್ನಿನವರೆಗೆ ಒಳಗಿದ್ದವರು ಒಳಗೇ. ಪಾಯಿಖಾನೆ? ಮೇಲಿನ ದರ್ಜೆಗೆ 1891ರಲ್ಲಿ ಬಂತು, ಕೆಳಗಿನ ದರ್ಜೆಗಳಿಗೆ 1907ರಲ್ಲಿ ಅಂತ ರೈಲ್ವೆ ಚರಿತ್ರೆಯ ಪಟ್ಟಿಗಳು ಹೇಳುತ್ತವೆ. ಆದ್ದರಿಂದ 1901ರ ಮೂರನೇ ದರ್ಜೆಗೆ ಪಾಯಿಖಾನೆ ಬಿಡಿಸಕೂಡದು. ಓಖಿಲ್ ಚಂದ್ರ ಸೇನ್ ಅನ್ನೋ ಬಂಗಾಳಿಯೊಬ್ಬ 1909ರಲ್ಲಿ ಬರೆದ ದೂರಿನ ಪತ್ರ ದೆಹಲಿ ಮ್ಯೂಸಿಯಮ್ಮಿನಲ್ಲಿದೆ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು ಸ್ಟೇಷನ್ನಿನಲ್ಲಿ ಇಳಿದು ಕೂತಿದ್ದಾಗ ಗಾರ್ಡು ಶಿಳ್ಳೆ ಊದಿದ, ಒಂದು ಕೈಲಿ ಚೊಂಬು ಇನ್ನೊಂದು ಕೈಲಿ ಧೋತರ ಹಿಡಿದು ಓಡುವಾಗ ಬಿದ್ದೆ ಅಂತ. ಅದರ ತಮಾಷೆ ಇಂಗ್ಲಿಷನ್ನು ಓದಿ ಇಂಗ್ಲಿಷ್ ಬಲ್ಲವರು ಇವತ್ತಿಗೂ ನಗುತ್ತಾರೆ. ಹೆಂಗಸರು ಏನು ಮಾಡುತ್ತಿದ್ದರು ಅಂತ ಯಾರೂ ಕೇಳಿದ್ದನ್ನು ನಾವು ಕಾಣೆವು.

ಕ್ರಮದ ವಿಷಯ. ಮೇಲ್ದರ್ಜೆಯ ಡಬ್ಬಿ ನಡುವೆ, ಬಡವರದು ಇಂಜಿನ್ನಿನ ಬೆನ್ನಿಗೆ ಮತ್ತು ಬಾಲಕ್ಕೆ. ಹೊಗೆ, ಮಸಿ, ಕಿಡಿ ಮೊದಲು ಬೀಳೋದು ಮುಂದಿನ ಡಬ್ಬಿಗೆ. ಗಾಡಿ ಗಾಡಿ ಡಿಕ್ಕಿಯಾದರೆ ಮೊದಲು ನುಚ್ಚುನೂರಾಗೋದು ಕೊನೆಗಳು. ಊರಿನ ನಕ್ಷೆಯೂ ಹೀಗೇ ಅಲ್ಲವೆ, ಕೇರಿ ಯಾವಾಗಲೂ ಅಂಚಿಗೆ. ಈಗ ಹೊಗೆ ಇಲ್ಲ, ಇಂಜಿನ್ನು ಕರೆಂಟಿನದು. ಆದರೂ ಟಿಕೆಟು ಕಾದಿರಿಸದವರ ಸಾಮಾನ್ಯ ಡಬ್ಬಿಗಳನ್ನು ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಎರಡು ತುದಿಗಳಲ್ಲೇ ನೋಡುತ್ತೇವೆ.

ಇನ್ನು ಭಾರ. ಆಟದ ಗೆಳೆಯರು ಒಂದು ವಿಷಯ ಹೇಳಿದರು: ಇಂಜಿನ್ನು ಏರಿ ಹತ್ತುತ್ತದೋ ಇಲ್ಲವೋ ಅನ್ನೋದನ್ನು ಕಂಪ್ಯೂಟರು ಡಬ್ಬಿಯ ತೂಕದಿಂದ ಲೆಕ್ಕ ಹಾಕುತ್ತದೆ, ಪ್ರಯಾಣಿಕರ ತೂಕಕ್ಕೆ ಸೀಟಿನ ಲೆಕ್ಕ. ಇಲ್ಲೇ ನಾವು ತಕರಾರು ತೆಗೆದೆವು. ಸೀಟಿನ ಲೆಕ್ಕ ಮೂರನೇ ದರ್ಜೆಗೆ ಯಾವತ್ತು ಸರಿಯಾಗಿತ್ತು? 1917ರಲ್ಲಿ ಗಾಂಧಿ ಮುಂಬಯಿಯಿಂದ ಮದ್ರಾಸಿಗೆ ಮೂರನೇ ದರ್ಜೆಯಲ್ಲಿ ಹೋದದ್ದನ್ನು ಬರೆದಿದ್ದಾರೆ. 22 ಜನಕ್ಕೆ ಅಂತ ಬರೆದಿದ್ದ ಕೋಣೆಯಲ್ಲಿ ಕೆಲವು ಸಲ 35 ಮಂದಿ ಇದ್ದರಂತೆ. ನಮ್ಮ ರಾಯಚೂರು ದಾಟಿದ ಮೇಲಂತೂ ಒತ್ತಡ ತಡೆಯಲಾಗಲಿಲ್ಲವಂತೆ. ಮೊದಲ ದರ್ಜೆಯ ಚಾರ್ಜು ಮೂರನೆಯದಕ್ಕಿಂತ ಐದು ಪಟ್ಟಿಗೂ ಹೆಚ್ಚು ಇರಬಹುದು, ಆದರೆ ಸೌಕರ್ಯದ ಐದನೇ ಒಂದು ಪಾಲು, ಹತ್ತನೇ ಒಂದು ಪಾಲಾದರೂ ಮೂರನೆಯದಕ್ಕೆ ಸಿಗುತ್ತದೆಯೇ ಅನ್ನೋದು ಅವರ ಪ್ರಶ್ನೆ. ಗಾಂಧಿಯ ಜೊತೆ ನಮಗೆ ನೂರು ಜಗಳ ಇವೆ. ಈ ಲೆಕ್ಕದಲ್ಲಿ ಜಗಳವಿಲ್ಲ. ಹೆಚ್ಚಿನ 13 ಮಂದಿಗೆ ತಲೆಗೆ 50 ಕಿಲೋ ಹಿಡಿದರೂ ಒಂದು ಕೋಣೆಗೆ 650 ಕಿಲೋ. ಗಂಟುಮೂಟೆ ಬೇರೆ. ಇಂಜಿನ್ನು ಅದನ್ನೂ ಎಳೆದಿದೆ. ಎಳೆದದ್ದರ ಲೆಕ್ಕ ಸರಿ ಇರಬೇಕಾದರೆ ನಿಂತವರನ್ನು, ಬಾಗಿಲಿಗೆ ಜೋತುಬಿದ್ದವರನ್ನು ಎಣಿಸಬೇಕು.

ಜಾತ್ರೆಯ ಕಾಲದಲ್ಲಿ ಡಬ್ಬಿ ಸಾಲದೆ ಕಂಪನಿಗಳು ಯಾತ್ರಿಕರನ್ನು ಗೂಡ್ಸ್ ಡಬ್ಬಿಗಳಿಗೆ ತುಂಬುತ್ತಿದ್ದವು. ಟಿಕೆಟ್ ದುಡ್ಡು ಮನುಷ್ಯರದ್ದು, ಡಬ್ಬಿ ದನದ್ದು. ಆದ್ದರಿಂದ ಜಾತ್ರೆ ಸ್ಪೆಷಲ್ಲಿನ ಜೋಡಣೆಯಲ್ಲಿ ಗೂಡ್ಸ್ ಡಬ್ಬಿ ಕಂಡರೆ ಅದು ತಪ್ಪಲ್ಲ. ಇನ್ನೂ ಒಂದು ಜೋಡಣೆ ಇದೆ, ಅದನ್ನು ಯಾವ ಆಟದವರೂ ಕಟ್ಟಲಾರರು. 1921ರ ನವೆಂಬರಿನಲ್ಲಿ ಮಲಬಾರಿನ ಮಾಪಿಳ್ಳೆ ಬಂಡಾಯದ ಕೈದಿಗಳನ್ನು ತಿರೂರಿನಿಂದ ಒಂದು ಮುಚ್ಚಿದ ವ್ಯಾನಿಗೆ ತುಂಬಿ ಪ್ಯಾಸೆಂಜರ್ ಗಾಡಿಯ ಹಿಂದೆ ಕಟ್ಟಿದರು. ಪೋದನೂರಿನಲ್ಲಿ ಬಾಗಿಲು ತೆಗೆದಾಗ ಹೆಣಗಳು. ಸತ್ತವರು ಒಟ್ಟು ಸುಮಾರು 70. ಆ ವ್ಯಾನು ಮದ್ರಾಸ್ ಅಂಡ್ ಸದರ್ನ್ ಮರಾಠಾ ಕಂಪನಿಯದು. ನಮ್ಮ ಧಾರವಾಡದ ಕಂಪನಿಯೇ 1908ರಲ್ಲಿ ಮದ್ರಾಸಿನದರ ಜೊತೆ ಕೂಡಿ ಆದದ್ದು ಅದು.

ಇದಕ್ಕೆ ಎದುರಾಗಿ ಡೆಕ್ಕನ್ ಕ್ವೀನ್ ಇದೆ. ರೈಲಾಟದ ಹುಚ್ಚಿರೋರಿಗೆಲ್ಲ ಪ್ರೀತಿಯ ಗಾಡಿ. 1930ರ ಜೂನ್ 1ರಂದು ಮುಂಬಯಿ-ಪುಣೆ ನಡುವೆ ಶುರುವಾಯಿತು. ಏಳೇಳು ಡಬ್ಬಿಯ ಎರಡು ಜೋಡಣೆ. ಒಂದಕ್ಕೆ ಬೆಳ್ಳಿ ಬಣ್ಣ, ಕೆಂಪು ಅಂಚು. ಇನ್ನೊಂದಕ್ಕೆ ಕಡು ನೀಲಿ, ಚಿನ್ನದ ಗೆರೆ. ತಳದ ಚೌಕಟ್ಟು ಇಂಗ್ಲೆಂಡಿನದು, ಮೈ ಮಾತುಂಗಾ ಕಾರ್ಖಾನೆಯದು. ಎಳೆದದ್ದು ಕರೆಂಟಿನ ಇಂಜಿನ್ನು. ನೋಡಿ, ಅಂಚಿನ ಗೆರೆಯ ಬಣ್ಣ ಕೂಡ ಬರೆದಿಟ್ಟಿದ್ದಾರೆ. ಈ ಗಾಡಿಯಲ್ಲಿ ಮೊದಲ ದರ್ಜೆ, ಎರಡನೇ ದರ್ಜೆ ಎರಡೇ. ಮೂರನೇ ದರ್ಜೆ ಸೇರಿದ್ದು 1955ರಲ್ಲಿ! ಇಪ್ಪತ್ತೈದು ವರ್ಷ ಅದು ಬಡವರನ್ನು ಹತ್ತಿಸಿಕೊಳ್ಳದೆ ಘಟ್ಟ ಹತ್ತಿ ಇಳಿಯಿತು. ಅದು ಶುರುವಾಗೋ ಹಿಂದಿನ ವರ್ಷ, 1929ರ ಅಕ್ಟೋಬರಿನಲ್ಲಿ, ಅದೇ ಪುಣೆಯ ಪಾರ್ವತಿ ಗುಡ್ಡದ ದೇವಸ್ಥಾನದ ಬಾಗಿಲಲ್ಲಿ ನಮ್ಮವರು ಸತ್ಯಾಗ್ರಹಕ್ಕೆ ನಿಂತು ಕಲ್ಲೇಟು ತಿಂದಿದ್ದರು. ದೇವಸ್ಥಾನ ಒಳಗೆ ಬಿಡಲಿಲ್ಲ, ರಾಣಿ ಗಾಡಿಯೂ ಬಿಡಲಿಲ್ಲ. ವ್ಯತ್ಯಾಸ ಇಷ್ಟೆ, ಗಾಡಿ ದುಡ್ಡು ಕೇಳಿತು, ದೇವಸ್ಥಾನ ಹುಟ್ಟು ಕೇಳಿತು.

ಸ್ವಾತಂತ್ರ್ಯ ಬಂದ ಮೇಲೆ ಮೂರನೇ ದರ್ಜೆಗೆ ಉಕ್ಕಿನ ಡಬ್ಬಿ ಬಂತು. ಬೆಂಗಳೂರಿನ ಎಚ್.ಎ.ಎಲ್. ವಿಮಾನ ಮಾಡೋ ಜಾಗದಲ್ಲೇ ಮೂರನೇ ದರ್ಜೆಯ ಲೋಹದ ಡಬ್ಬಿಗಳನ್ನು ಮಾಡಿತು. 1964ರಲ್ಲಿ ಆ ಕೆಲಸ ಬಿ.ಇ.ಎಂ.ಎಲ್.ಗೆ ಹೋಯಿತು. ಮದ್ರಾಸಿನ ಪೆರಂಬೂರಿನ ಕಾರ್ಖಾನೆ 1955ರಲ್ಲಿ ಶುರುವಾಯಿತು. 1974ರಲ್ಲಿ 'ಮೂರನೇ ದರ್ಜೆ' ಅನ್ನೋ ಹೆಸರನ್ನೇ ತೆಗೆದು 'ಎರಡನೇ ದರ್ಜೆ' ಅಂತ ಬರೆದರು. ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟುತ್ತಿದ್ದ ಕಾಲವೂ ಅದೇ. ಹೆಸರು ಹೋಯಿತು, ಹಲಗೆ ಉಳಿಯಿತು. ಹಲಗೆಯ ಮೇಲೆ ಎರಡಂಗುಲ ಮೆತ್ತೆ ಹಾಕಿಸಲು 1977ರಲ್ಲಿ ಮಧು ದಂಡವತೆ ರೈಲ್ವೆ ಮಂತ್ರಿಯಾಗಿ ಬರಬೇಕಾಯಿತು. ಆಟ ಕಟ್ಟೋರು 1974ರ ಮುಂಚೆ ಮತ್ತು ಆಮೇಲೆ ಡಬ್ಬಿಯ ಮೇಲಿನ ಅಂಕಿ ಬದಲಾಯಿಸಿದರೆ ಸಾಕು, ಒಳಗಿನದನ್ನು ಮುಟ್ಟಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾರ್ಕ್ಸ್‌ನ ನಿರೀಕ್ಷೆ ತಲೆಕೆಳಗಾದದ್ದು ಕಂಬಿಯ ಮೇಲೆಯೇ ಕಾಣುತ್ತದೆ. ಡಬ್ಬಿಗೆ ಪಾಯಿಖಾನೆ ಬಂತಲ್ಲ, ಅದರ ತಳ ತೂತು. ಮೇಲೆ ಯಾವ ದರ್ಜೆಯಾದರೂ ಇರಲಿ, ಕೆಳಗೆ ಬೀಳೋದು ಕಂಬಿಗೆ. ಅದನ್ನು ಎತ್ತೋರು ಯಾರು? ಉಗಿ ಇಂಜಿನ್ನು ತಂದ ಆಧುನಿಕ ಕಂಪನಿ ಈ ಕೆಲಸಕ್ಕೆ ಹೊಸ ಜನರನ್ನು ಹುಡುಕಲಿಲ್ಲ. ಹಳೇ ಕೇರಿಗೇ ಬಂತು. ಹುಟ್ಟಿನ ಕಸುಬು ಕರಗಲಿಲ್ಲ, ಅದಕ್ಕೆ ಸಂಬಳದ ಪುಸ್ತಕ ಸಿಕ್ಕಿತು. ಮಲ ಹೊರುವ ಪದ್ಧತಿ ನಿಷೇಧಿಸುವ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೊಂದು ಬಂತು. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತವರ ಗೆಳೆಯರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2014ರ ತೀರ್ಪಿನಲ್ಲಿ ರೈಲ್ವೆಯೂ ಕಾಲಮಿತಿ ಹಾಕಿಕೊಂಡು ಇದನ್ನು ನಿಲ್ಲಿಸಬೇಕು ಅಂತ ಹೇಳಿಸಿತು. ಬಹುತೇಕ ಎಲ್ಲ ಡಬ್ಬಿಗಳಿಗೆ ಬಯೋ ಟಾಯ್ಲೆಟ್ಟು ಬರೋ ಹೊತ್ತಿಗೆ 2019 ಆಗಿತ್ತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಪ್ರತಿ ರೈಲಿನ ಜೋಡಣೆಗೆ ಪೊರಕೆ ಹಿಡಿದ ಒಬ್ಬ ಹೆಂಗಸೋ ಗಂಡಸೋ ಸೇರಿದ್ದರು, ಕೊಂಡಿ ಇಲ್ಲದೆ. ಆಟಗಳಲ್ಲಿ ಕಂಬಿ ಫಳಫಳ ಹೊಳೆಯುತ್ತಿರುತ್ತದೆ. ತೊಳೆದವರು ಯಾರು ಅಂತ ಗೆಳೆಯರನ್ನು ಕೇಳಿದೆವು. ಅವರು ನಗಲಿಲ್ಲ, ಬರೆದುಕೊಂಡರು.

ಈಗ ಮಸೂರು. ಅಂಬೇಡ್ಕರರ ಬರಹದಲ್ಲಿ ಡಬ್ಬಿಯೊಳಗಿನ ಅವಮಾನದ ಮಾತಿಲ್ಲ. ಹತ್ತಿದರು, ಇಳಿದರು, ಅಷ್ಟೆ. ಇದು ಸಣ್ಣ ಮಾತಲ್ಲ. ಹಲಗೆಯ ಮೇಲೆ ಒಬ್ಬರ ತೊಡೆಗೆ ಒಬ್ಬರ ತೊಡೆ ತಾಗಿ ಕೂತಾಗ ಜಾತಿ ಕೇಳುತ್ತಾ ಕೂರಲು ಜಾಗ ಎಲ್ಲಿ? ಮಾರ್ಕ್ಸ್ ಹೇಳಿದ್ದರಲ್ಲಿ ಇಷ್ಟು ಮಾತ್ರ ಆ ನಾಲ್ಕು ಚಕ್ರದ ಡಬ್ಬಿಯಲ್ಲಿ ನಿಜವಾಗಿರಬೇಕು. ಮೂರನೇ ದರ್ಜೆಯ ಕೊಳಕು ಇಕ್ಕಟ್ಟನ್ನು ಬೈಯುವಾಗ ನಾವು ಇದನ್ನೂ ನೆನೆಯಬೇಕು. ಊರಿನ ಬಾವಿ, ಗುಡಿ, ಹೋಟಲು ಮಾಡದ್ದನ್ನು ಆ ಇಕ್ಕಟ್ಟು ಮಾಡಿತು. ಆದರೆ ಅದು ಚಕ್ರ ಉರುಳುತ್ತಿರೋವರೆಗೆ ಮಾತ್ರ. ಸ್ಟೇಷನ್ನು ಬಂತು ಅಂದರೆ ಹಿಂದೂ ನೀರು, ಮುಸ್ಲಿಂ ನೀರು ಅಂತ ಬೇರೆ ಬೇರೆ ಕೂಗು. ಮದ್ರಾಸ್ ಸೀಮೆಯ ಸ್ಟೇಷನ್ನಿನ ಹೋಟಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ. ಪೆರಿಯಾರ್ ಅವರ ಹೋರಾಟದ ಮೇಲೆ ಅದು ನಿಂತದ್ದು 1941ರಲ್ಲಿ.

ಸಾಯಂಕಾಲ ಐದರ ಹೊತ್ತಿಗೆ ಗಾಡಿ ಮಸೂರಿಗೆ ಬಂತು. ಇಳಿದವರೆಲ್ಲ ಹೊರಟುಹೋದರು. ಹುಡುಗರು ಮಾತ್ರ ಉಳಿದರು, ಅಪ್ಪ ಕಳಿಸೋ ಆಳು ಬರುತ್ತಾನೆ ಅಂತ. ಕಾಗದ ಅಪ್ಪನ ಕೈ ಸೇರೇ ಇರಲಿಲ್ಲ. ಹೀಗೇ ಒಂದು ಗಂಟೆ. ಒಳ್ಳೇ ಬಟ್ಟೆ ಹಾಕಿದ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರ ಬಂದು ವಿಚಾರಿಸಿದ. ಯಾರಪ್ಪ ನೀವು? ಮಹಾರರು ಅಂತ ಹುಡುಗ ಥಟ್ಟನೆ ಹೇಳಿಬಿಟ್ಟ. ಮಾಸ್ತರನ ಮುಖವೇ ಬದಲಾಯಿತು. ಬೆನ್ನು ತಿರುಗಿಸಿ ಒಳಗೆ ಹೋದ. ಸ್ಟೇಷನ್ನಿನ ಹೊರಗೆ ಬಾಡಿಗೆಯ ಎತ್ತಿನಗಾಡಿಗಳು ಸಾಲಾಗಿ ನಿಂತಿದ್ದವು. ಎರಡರಷ್ಟು ಬಾಡಿಗೆ ಕೊಡುತ್ತೇವೆ ಅಂದರೂ ಒಬ್ಬನೂ ಒಪ್ಪಲಿಲ್ಲ. ಕೊನೆಗೆ ಮಾಸ್ತರನೇ ಉಪಾಯ ಹೇಳಿದ: ಗಾಡಿ ನೀವೇ ಹೊಡೆಯುತ್ತೀರಾ? ಹೊಡೆಯುತ್ತೇವೆ ಅಂದರು. ಆಗ ಒಬ್ಬ ಒಪ್ಪಿದ. ದುಡ್ಡು ಎರಡರಷ್ಟು, ಹೊಡೆಯೋರು ಮಕ್ಕಳು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು. ಆ ರಾತ್ರಿ ಅವರ ಹತ್ತಿರ ಬುತ್ತಿ ತುಂಬಾ ಇತ್ತು. ಕುಡಿಯಲು ಒಂದು ಹನಿ ನೀರು ಯಾರೂ ಕೊಡಲಿಲ್ಲ.

1853ಕ್ಕೂ 1901ಕ್ಕೂ ನಡುವೆ 48 ವರ್ಷ. ಲೆಮನೇಡು ಮಾರೋ ಸ್ಟೇಷನ್ನಿಗೂ ಮುಖ ತಿರುಗಿಸೋ ಸ್ಟೇಷನ್ನಿಗೂ ನಡುವೆ ಕಂಬಿಯ ಮೇಲೆ ಕೆಲವೇ ಗಂಟೆ. ಆಟದ ನಿಯಮದಲ್ಲಾದರೆ ಗಾಡಿ ಮಸೂರಿನಲ್ಲಿ ನಿಂತು, ಜನ ಇಳಿದು, ಸಮಯಕ್ಕೆ ಸರಿಯಾಗಿ ಹೊರಟರೆ ಡ್ರೈವರಿಗೆ ಪೂರ್ತಿ ಅಂಕ. ಹಿಂದೆ ಪ್ಲಾಟ್‌ಫಾರಮ್ಮಿನಲ್ಲಿ ಉಳಿದವರನ್ನು ಕಂಪ್ಯೂಟರು ಅಳಿಸಿಬಿಡುತ್ತದೆ, ನೆನಪಿನ ಜಾಗ ಉಳಿಯಲಿ ಅಂತ.

ಪುಣೆ-ಮೀರಜ್ ನಡುವೆ ಆ ಮೀಟರ್ ಗೇಜು ಈಗ ಇಲ್ಲ. 1971ರ ಹೊತ್ತಿಗೆ ಬ್ರಾಡ್ ಗೇಜಾಯಿತು. ಎಫ್ ಇಂಜಿನ್ನು ಮ್ಯೂಸಿಯಮ್ಮಿಗೆ ಹೋಯಿತು. ಗೆಳೆಯರಿಗೆ ನಾವು ಬರೆದುಕೊಟ್ಟ ಜೋಡಣೆ ಇಲ್ಲಿದೆ. ಬೇಸಿಗೆ, 1901. ಮುಂದೆ ಎಫ್ ಮಾದರಿಯ ಇಂಜಿನ್ನು, ಬೆಂಕಿಯ ಮುಂದೆ ಬೆವರೋ ಇಬ್ಬರು. ಅದರ ಬೆನ್ನಿಗೆ ಮೂರನೇ ದರ್ಜೆಯ ನಾಲ್ಕು ಚಕ್ರದ ಮರದ ಡಬ್ಬಿಗಳು, ಮಸಿ ಹಿಡಿದವು, ಬರೆದದ್ದಕ್ಕಿಂತ ಹೆಚ್ಚು ಜನ ಇರುವಂಥವು. ನಡುವೆ ಮೇಲ್ದರ್ಜೆಯದು ಒಂದು, ಅರ್ಧ ಖಾಲಿ. ಮತ್ತೆ ಮೂರನೇ ದರ್ಜೆ. ಕೊನೆಗೆ ಗಾರ್ಡಿನ ಬ್ರೇಕ್ ವ್ಯಾನು. ಮಸೂರಿನಲ್ಲಿ ಗಾಡಿ ಹೊರಟ ಮೇಲೂ ಪ್ಲಾಟ್‌ಫಾರಮ್ಮನ್ನು ಒಂದೂವರೆ ಗಂಟೆ ಅಳಿಸಬಾರದು. ಸ್ಟೇಷನ್ನಿನ ಹೊರಗೆ ಎತ್ತಿನಗಾಡಿಗಳ ಸಾಲು. ಅದರಲ್ಲಿ ಒಂದು ಗಾಡಿ ಕತ್ತಲಾಗೋ ಹೊತ್ತಿಗೆ ಹೊರಡಬೇಕು. ಅದರ ಮೂಕಿಯ ಹತ್ತಿರ ಹಗ್ಗ ಹಿಡಿದು ಹೊಸ ಟೋಪಿಯ ಹುಡುಗ ಕೂತಿರಬೇಕು, ಗಾಡಿಯ ಯಜಮಾನ ಪಕ್ಕದಲ್ಲಿ ನಡೆಯುತ್ತಿರಬೇಕು.